ಅಷ್ಟೆಲ್ಲಾ ಕೇಳ್ತೀಯಲ್ಲ, ನಮ್ಮೂರಿಂದು ಬರಲ್ವಾ?

ಬೆಳಿಗ್ಗೆ ಎಂಟೂಕಾಲಿಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯೋಕೆ ಒಂದು ಗಂಟೆಯ ಮೇಲಾಗುತ್ತೆ. ಸೀಟು ಸಿಗೋದು ಅದೃಷ್ಟ. ಮೆಜೆಸ್ಟಿಕ್ ಬಂದಮೇಲಂತೂ ಜೇಬಿನಿಂದ ಫೋನ್ ತೆಗೆಯೋಕೂ ಜಾಗ ಇರಲ್ಲ. ಹಾಗಾಗಿ ನಮ್ಮಂಥವರಿಗೆಲ್ಲ ಕಿವಿಯೇ ಗತಿ. ಸುತ್ತ ನೋಡಿದರೆ ಹತ್ತರಲ್ಲಿ ಆರು ಜನರ ಕಿವಿಯಲ್ಲಿ ಏನೋ ಒಂದು ಸಿಕ್ಕಿಸಿಕೊಂಡಿರುತ್ತೆ. ಕೆಲವರು ಹಾಡು, ಕೆಲವರು ಆಫೀಸ್ ಕಾಲ್. ನನ್ನದು ಪಾಡ್‌ಕಾಸ್ಟ್. ಅದರಲ್ಲೂ ರಾಜಕೀಯದ ಪಾಡ್‌ಕಾಸ್ಟ್.

2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಶುರುವಾದ ಮೇಲೆ ಈ ಚಟ ಹತ್ತಿಕೊಂಡಿತು. ಅದಕ್ಕೂ ಮೊದಲು ಕ್ಯಾಬ್‌ನಲ್ಲಿ ಹೋಗುವಾಗ ನಿದ್ದೆ ಮಾಡ್ತಿದ್ದೆ. ಮೆಟ್ರೊದಲ್ಲಿ ನಿಂತುಕೊಂಡು ನಿದ್ದೆ ಮಾಡೋಕಾಗಲ್ಲವಲ್ಲ! ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ರಾತ್ರಿ ಪಾತ್ರೆ ತೊಳೆಯುವಾಗ ಅರ್ಧ ಗಂಟೆ. ದಿನಕ್ಕೆ ಎರಡೂವರೆ ಗಂಟೆ ಅಂದ್ರೆ ವಾರಕ್ಕೆ ಹನ್ನೆರಡೂವರೆ ಗಂಟೆ. ಇಂಜಿನಿಯರ್ ಬುದ್ಧಿ ನೋಡಿ, ಅಷ್ಟಕ್ಕೇ ಬಿಡಲಿಲ್ಲ. ವೇಗವನ್ನು ಒಂದೂವರೆ ಪಟ್ಟು ಮಾಡಿಕೊಂಡೆ. ಹನ್ನೆರಡೂವರೆ ಗಂಟೆಯಲ್ಲಿ ಹತ್ತೊಂಬತ್ತು ಗಂಟೆಯಷ್ಟು ಮಾತು ಕಿವಿಗೆ ಹೋಗತೊಡಗಿತು. ಸಮಯ ಉಳಿಸಿದೆ ಅನ್ನೋ ಹೆಮ್ಮೆ ಬೇರೆ.

ಆಫೀಸಿನ ಊಟದ ಟೇಬಲ್ಲಿನಲ್ಲಿ ನನಗೆ ಒಂದು ಸ್ಥಾನವೂ ಬಂತು. ಯಾವ ರಾಜ್ಯದಲ್ಲಿ ಯಾರು ಯಾವ ಪಕ್ಷ ಬಿಟ್ಟರು, ಸುಪ್ರೀಂ ಕೋರ್ಟಿನಲ್ಲಿ ಯಾವ ಕೇಸು ಎಲ್ಲಿಗೆ ಬಂತು, ಅಮೆರಿಕದ ಅಯೋವಾ ಕಾಕಸ್ ಅಂದ್ರೇನು... ಏನೇ ಕೇಳಿದರೂ ನನ್ನ ಹತ್ತಿರ ಎರಡು ನಿಮಿಷದ ಉತ್ತರ ರೆಡಿ. 'ಇವನನ್ನ ಕೇಳ್ರಪ್ಪ, ಇವನಿಗೆ ಎಲ್ಲಾ ಗೊತ್ತಿರುತ್ತೆ' ಅಂತ ಗೆಳೆಯರು ಕಾಲೆಳೆದರೂ ಒಳಗೊಳಗೇ ಖುಷಿ.

ನನ್ನ ಹೆಂಡತಿ ಮಾತ್ರ ಒಂದು ದಿನ ಹೇಳಿದ್ದಳು: 'ನಿಮಗೆ ಇಸ್ರೇಲಿನ ಕ್ಯಾಬಿನೆಟ್‌ನಲ್ಲಿ ಯಾರ್ಯಾರಿದ್ದಾರೆ ಅಂತ ಗೊತ್ತು. ನಮ್ಮ ಬೀದೀಲಿ ನಾಳೆ ನೀರು ಬರಲ್ಲ ಅಂತ ಗೊತ್ತಾ?'

ಗೊತ್ತಿರಲಿಲ್ಲ. ಆದರೂ ನಕ್ಕು ಸುಮ್ಮನಾದೆ.

ರೇಡಿಯೊ ಮನೆಯಿಂದ ಬಂದವನು

ನಮ್ಮೂರು ತಿಪಟೂರು ಕಡೆ. ತೆಂಗಿನ ತೋಟದ ಮನೆ. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ಸಂಸ್ಕೃತ ವಾರ್ತೆ ಶುರುವಾಯಿತು ಅಂದರೆ ಹಾಲು ಕರೆದು ಮುಗಿದಿರಬೇಕು. ಪ್ರದೇಶ ಸಮಾಚಾರ ಬಂತು ಅಂದರೆ ನಾನು ಸ್ನಾನಕ್ಕೆ ಹೋಗಬೇಕು. ಸಂಜೆ ಕೃಷಿರಂಗದ ಹೊತ್ತಿಗೆ ಅಪ್ಪ ಜಗುಲಿ ಮೇಲೆ. ಆ ಹೊತ್ತಲ್ಲಿ ಯಾರೂ ಮಾತಾಡುವ ಹಾಗಿಲ್ಲ.

ನಮ್ಮ ಜನಕ್ಕೆ ಕಿವಿಯಿಂದ ಸುದ್ದಿ ಕೇಳೋದು ಹೊಸದೇನಲ್ಲ. 'ಆಕಾಶವಾಣಿ' ಅನ್ನೋ ಹೆಸರೇ ಮೈಸೂರಿನದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿ ಅದಕ್ಕೆ ಆ ಹೆಸರಿಟ್ಟಿದ್ದರು. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು.

ಖಾಸಗಿ ಎಫ್‌ಎಂಗಳು ಬಂದಾಗ ಹಾಡು ಬಂತು, ಹರಟೆ ಬಂತು, ಜಾಹೀರಾತು ಬಂತು. ಸುದ್ದಿ ಬರಲಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ಇಷ್ಟು ವರ್ಷವೂ ತಮ್ಮದೇ ಸುದ್ದಿ ಓದುವಂತಿರಲಿಲ್ಲ. ಬೇಕಾದರೆ ಆಕಾಶವಾಣಿಯ ಬುಲೆಟಿನ್ ಅನ್ನೇ ಮರುಪ್ರಸಾರ ಮಾಡಬಹುದು, ಅಷ್ಟೇ. ಹಾಗಾಗಿ ಕಿವಿಯಲ್ಲಿ ರಾಜಕೀಯ ಕೇಳಬೇಕು ಅನ್ನುವವರಿಗೆ ಇದ್ದಿದ್ದು ಒಂದೇ ಬಾಗಿಲು. ಆ ಕೊರತೆಯನ್ನು ತುಂಬಿದ್ದು ಪಾಡ್‌ಕಾಸ್ಟ್.

ಈ ಪದವನ್ನು 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬೆನ್ ಹ್ಯಾಮರ್‌ಸ್ಲಿ ಅನ್ನೋ ಪತ್ರಕರ್ತ ಬಳಸಿದರು. ಐಪಾಡ್‌ನ 'ಪಾಡ್', ಬ್ರಾಡ್‌ಕಾಸ್ಟ್‌ನ 'ಕಾಸ್ಟ್' ಎರಡನ್ನೂ ಕೂಡಿಸಿದ ಪದ. ಇದರ ಹಿಂದಿನ ತಂತ್ರ ಬಹಳ ಸರಳ. ಧ್ವನಿ ಕಡತ ಎಲ್ಲೋ ಒಂದು ಸರ್ವರ್‌ನಲ್ಲಿ ಕೂತಿರುತ್ತೆ. ಅದರ ವಿಳಾಸ, ಶೀರ್ಷಿಕೆ, ದಿನಾಂಕ ಬರೆದ ಒಂದು ಪಟ್ಟಿಗೆ ಆರೆಸ್ಸೆಸ್ ಫೀಡ್ ಅಂತಾರೆ (ನಾಗಪುರದ್ದಲ್ಲ, ಇದು ಬೇರೆ!). ನಮ್ಮ ಫೋನಿನ ಆ್ಯಪ್ ಆಗಾಗ ಹೋಗಿ ಆ ಪಟ್ಟಿ ನೋಡಿ, ಹೊಸದು ಬಂದಿದ್ದರೆ ತಂದು ಕೊಡುತ್ತೆ. ಪೇಪರ್ ಹಾಕುವ ಹುಡುಗನ ಹಾಗೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ನಮ್ಮಲ್ಲೂ ಇದು ಹಬ್ಬಿತು. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ 'ದಿ ಡೈಲಿ' ಅಂತ ಶುರು ಮಾಡಿತು. ದಿನಕ್ಕೊಂದೇ ವಿಷಯ, ಇಪ್ಪತ್ತು ಮೂವತ್ತು ನಿಮಿಷ, ಒಬ್ಬರು ಕೇಳ್ತಾರೆ, ಆ ಸುದ್ದಿ ಬರೆದ ವರದಿಗಾರರು ಹೇಳ್ತಾರೆ. ನಮ್ಮಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ 'ತ್ರೀ ಥಿಂಗ್ಸ್', ದಿ ಹಿಂದೂವಿನ 'ಇನ್ ಫೋಕಸ್' ಹೀಗೇ ಒಂದಿಷ್ಟು ಬಂದವು. ನ್ಯೂಸ್‌ಲಾಂಡ್ರಿಯ 'ಹಫ್ತಾ' ಥರದ್ದು ವಾರಕ್ಕೊಮ್ಮೆ ನಾಲ್ಕೈದು ಜನ ಕೂತು ಮಾಡುವ ಚರ್ಚೆ. ಕನ್ನಡದಲ್ಲಿ 'ತಲೆ-ಹರಟೆ' ಪಾಡ್‌ಕಾಸ್ಟ್ ಕೇಳಿದಾಗ, ಆಡಳಿತ-ನೀತಿಯಂಥ ವಿಷಯವನ್ನೂ ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೆ ಮಾತಾಡಬಹುದು ಅಂತ ಖುಷಿಯಾಗಿತ್ತು. ಟೀವಿಯ ಕಿರುಚಾಟದಿಂದ ಬೇಸತ್ತವನಿಗೆ ಇವೆಲ್ಲ ದೇವರು ಕೊಟ್ಟ ವರ.

ಊರಿಗೆ ಹೋದಾಗ ಅಪ್ಪನ ರೇಡಿಯೊ ನೋಡಿ ನಾನೇ ಹೇಳಿದ್ದೆ: 'ಹತ್ತು ನಿಮಿಷದ ವಾರ್ತೇಲಿ ಏನು ಗೊತ್ತಾಗುತ್ತಪ್ಪ? ಒಂದೊಂದು ವಿಷಯಕ್ಕೂ ಒಂದೊಂದು ಗಂಟೆ ಮಾತಾಡೋರು ಇದಾರೆ ಈಗ.'

ಅಪ್ಪ ರೇಡಿಯೊ ಕಿವಿ ತಿರುಗಿಸುತ್ತಾ 'ಒಂದು ಗಂಟೆ ಕೇಳೋಕೆ ನಿಂಗೆ ಪುರುಸೊತ್ತಿದೆಯಲ್ಲ, ಒಳ್ಳೇದು' ಅಂದಿದ್ದರು.

ಆ ಫೆಬ್ರುವರಿ

2024ರ ಜನವರಿ. ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿತ್ತು. ಅಲುಗಾಡಿಸಿದರೆ ಒಳಗೆ ಗಟಗಟ ಸದ್ದು. ಸುಲಿಸಿ, ಒಡೆಸಿ, ಎಂಟು ಕ್ವಿಂಟಲ್ ಉಂಡೆ ಕೊಬ್ಬರಿ ಚೀಲ ತುಂಬಿಸಿಟ್ಟಿದ್ದರು. ಮಾರುಕಟ್ಟೆಯಲ್ಲಿ ಬೆಲೆ ನೆಲ ಕಚ್ಚಿತ್ತು. ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಹಿಂದಿನ ವರ್ಷ 11,750 ಇತ್ತು. ಎಲ್ಲರಿಗೂ ಖರೀದಿ ಕೇಂದ್ರದ್ದೇ ಧ್ಯಾನ.

ಅಪ್ಪ ಹೇಳಿದರು: 'ಕೇಂದ್ರ ತೆಗೀತಾರಂತೆ ಮಗಾ. ನೋಂದಣಿ ಯಾವತ್ತಿಂದ ಅಂತ ಸ್ವಲ್ಪ ನೋಡ್ಕೊಂಡು ಹೇಳು. ಇನ್ನೊಂದು, ಎಫ್‌ಐಡೀಲಿ ಕೆರೆ ಹಿಂದಿನ ತೋಟದ ಪಹಣಿ ಸೇರಿಲ್ಲ ಅಂತಿದ್ರು. ಅದೂ ಏನು ಅಂತ ನೋಡು.'

ಎಫ್‌ಐಡಿ ಅಂದರೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ಬೆಂಬಲ ಬೆಲೆಗೆ ಮಾರಬೇಕಾದರೆ ಅದು ಬೇಕೇ ಬೇಕು. ತಂತ್ರಾಂಶ ಅಂದಮೇಲೆ ನನ್ನದೇ ಕೆಲಸ ತಾನೇ?

'ನೀನು ತಲೆ ಕೆಡಿಸ್ಕೋಬೇಡಪ್ಪ. ನಾನು ದಿನಾ ನ್ಯೂಸ್ ಕೇಳ್ತೀನಲ್ಲ, ಗೊತ್ತಾದ ತಕ್ಷಣ ಹೇಳ್ತೀನಿ. ಎಫ್‌ಐಡಿ ನಾನು ನೋಡ್ಕೋತೀನಿ' ಅಂದೆ.

ಬೆಂಗಳೂರಿಗೆ ಬಂದೆ. ಫೆಬ್ರುವರಿ ಬಂತು. ಆ ತಿಂಗಳ ಸುದ್ದಿಗಳು ನೆನಪಿವೆಯಾ? ಫೆಬ್ರುವರಿ 9ಕ್ಕೆ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರಿಗೆ ಭಾರತ ರತ್ನ ಘೋಷಣೆ. 13ಕ್ಕೆ ಪಂಜಾಬಿನ ರೈತರ 'ದೆಹಲಿ ಚಲೋ'. ಬೆಂಬಲ ಬೆಲೆಗೆ ಕಾನೂನಿನ ಖಾತರಿ ಬೇಕು ಅಂತ ಹೊರಟವರನ್ನು ಹರಿಯಾಣದ ಗಡಿ ಶಂಭುವಿನಲ್ಲಿ ತಡೆದರು. 15ಕ್ಕೆ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನೇ ರದ್ದು ಮಾಡಿತು. ಲೋಕಸಭಾ ಚುನಾವಣೆ ಬೇರೆ ಹತ್ತಿರ. ನನ್ನ ಆ್ಯಪ್‌ನಲ್ಲಿ ಎಪಿಸೋಡುಗಳ ಸಾಲು ಉದ್ದವಾಗುತ್ತಲೇ ಇತ್ತು. ಒಂದೂವರೆ ಪಟ್ಟು ಸಾಲದೆ ಒಂದೂ ಮುಕ್ಕಾಲು ಪಟ್ಟಿಗೆ ಹೋದೆ.

ಬೆಂಬಲ ಬೆಲೆಯ ಬಗ್ಗೆಯೇ ನಾಲ್ಕು ಬೇರೆ ಬೇರೆ ಪಾಡ್‌ಕಾಸ್ಟ್ ಕೇಳಿದೆ. ಊಟದ ಟೇಬಲ್ಲಿನಲ್ಲಿ ಪಾಠವನ್ನೂ ಮಾಡಿದೆ. ಬೆಂಬಲ ಬೆಲೆ 22 ಬೆಳೆಗಳಿಗೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತೆ, ಕೇಂದ್ರ ಸಂಪುಟದ ಆರ್ಥಿಕ ಸಮಿತಿ ತೀರ್ಮಾನ ಮಾಡುತ್ತೆ. ಸ್ವಾಮಿನಾಥನ್ ಆಯೋಗ ಹೇಳಿದ್ದು ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇ. 50 ಸೇರಿಸಿ ಕೊಡಿ ಅಂತ. ಜಗಳ ಇರೋದು 'ವೆಚ್ಚ' ಅಂದ್ರೆ ಯಾವುದು ಅನ್ನೋದರಲ್ಲಿ. ಸ್ವಂತ ಜಮೀನಿನ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಎಲ್ಲಾ ಸೇರಿಸಬೇಕಾ, ಬೇಡವಾ? ಹೀಗೆ ನಿರರ್ಗಳವಾಗಿ ಹೇಳ್ತಿದ್ದೆ. ಆ 22ರಲ್ಲಿ ಕೊಬ್ಬರಿಯೂ ಒಂದು, ವಾಣಿಜ್ಯ ಬೆಳೆ ಅಂತ ಸೇರಿಸಿರೋದು ಸೆಣಬು ಮತ್ತು ಕೊಬ್ಬರಿ ಎರಡನ್ನೇ ಅಂತಲೂ ಹೇಳಿದೆ. ಎಲ್ಲರೂ 'ಹೌದಾ!' ಅಂದರು.

ಅದೇ ಫೆಬ್ರುವರಿಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಕೊಬ್ಬರಿ ನೋಂದಣಿ ಶುರುವಾಗಿ, ಕೆಲವೇ ದಿನಗಳಲ್ಲಿ ಮಿತಿ ಮುಗಿದುಹೋಯಿತು.

ನನಗೆ ಗೊತ್ತೇ ಆಗಲಿಲ್ಲ.

ಪಕ್ಕದ ತೋಟದವರು ಹೇಳಿ ಅಪ್ಪ ಹೋಗಿದ್ದಾರೆ. ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತಿದ್ದಾರೆ. ಸರದಿ ಬಂದಾಗ, ಆ ಇನ್ನೊಂದು ಪಹಣಿ ಎಫ್‌ಐಡಿಗೆ ಸೇರಿಲ್ಲ, ಸರಿ ಮಾಡಿಸಿಕೊಂಡು ಬನ್ನಿ ಅಂದಿದ್ದಾರೆ. ಅದನ್ನು ಸರಿ ಮಾಡಿಸಿ ಮತ್ತೆ ಹೋಗುವಷ್ಟರಲ್ಲಿ ನೋಂದಣಿ ನಿಂತಿತ್ತು. ನನಗೆ ಒಂದು ಫೋನೂ ಮಾಡಿಲ್ಲ. 'ಮಗ ಆಫೀಸಲ್ಲಿರ್ತಾನೆ' ಅಂತ.

ಆ ವಾರವೇ ಎಂಟು ಕ್ವಿಂಟಲ್ಲನ್ನೂ ವ್ಯಾಪಾರಿಗೆ ಕೊಟ್ಟರು. ಕ್ವಿಂಟಲ್‌ಗೆ 9,300. ಸೊಸೈಟಿ ಸಾಲದ ಕಂತು ಕಟ್ಟಬೇಕಿತ್ತಂತೆ. ಕೇಳಿದ್ದರೆ ನಾನೇ ಕಳಿಸ್ತಿದ್ದೆ. ಆದರೆ ಅವರು ಕೇಳುವವರಲ್ಲ. ಮುಂದೆ ಇನ್ನೊಮ್ಮೆ ನೋಂದಣಿ ನಡೆದಾಗ ನಮ್ಮನೆಯಲ್ಲಿ ಚೀಲವೇ ಇರಲಿಲ್ಲ.

ಲೆಕ್ಕ ಸುಲಭ. ಕ್ವಿಂಟಲ್‌ಗೆ 2,700ರಂತೆ ಎಂಟು ಕ್ವಿಂಟಲ್‌ಗೆ 21,600 ರೂಪಾಯಿ. ನನ್ನ ಕಿವಿಯಲ್ಲಿರೋ ಇಯರ್‌ಫೋನು, ಅದಕ್ಕೆ ಅಂತ ತಗೊಂಡ ಹೊಸ ಫೋನು, ಇವಕ್ಕೆಲ್ಲ ಸುರಿದ ದುಡ್ಡಿಗಿಂತ ಕಡಿಮೆಯೇ. ಆದರೆ ಅದು ಅಪ್ಪ ಒಂದು ವರ್ಷ ಕಾದ ಬೆಳೆಯ ದುಡ್ಡು.

ನನಗೆ ವಿಷಯ ಗೊತ್ತಾಗಿದ್ದು ಮುಂದಿನ ಭಾನುವಾರ, ಅಮ್ಮನಿಂದ. ತಕ್ಷಣ ಅಪ್ಪನಿಗೆ ಫೋನ್ ಕೊಡು ಅಂದೆ. ಬೈತಾರೆ ಅಂದ್ಕೊಂಡೆ. ಬೈದಿದ್ದರೆ ಚೆನ್ನಾಗಿರ್ತಿತ್ತು.

'ಹೋಗ್ಲಿ ಬಿಡು ಮಗಾ, ನಿಂಗೂ ಕೆಲಸ ಇರುತ್ತೆ' ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳುವವರ ಹಾಗೆ ಕೇಳಿದರು: 'ಅಲ್ಲ, ಅಷ್ಟೆಲ್ಲಾ ಕೇಳ್ತೀಯಲ್ಲ, ನಮ್ಮೂರಿಂದು ಬರಲ್ವಾ ಅದರಲ್ಲಿ?'

ಗೊತ್ತಿದ್ದೂ ಗೊತ್ತಿರಲಿಲ್ಲ

ಆ ಪ್ರಶ್ನೆ ಬಹಳ ದಿನ ತಲೆಯಲ್ಲಿತ್ತು. ತಪ್ಪು ಪಾಡ್‌ಕಾಸ್ಟಿನದಲ್ಲ, ಅದು ಸ್ಪಷ್ಟ. ದೆಹಲಿಯಲ್ಲೋ ಮುಂಬೈಯಲ್ಲೋ ಕೂತು ಇಡೀ ದೇಶಕ್ಕೆ ಮಾತಾಡುವವರು ತಿಪಟೂರಿನ ನೋಂದಣಿ ದಿನಾಂಕ ಹೇಳೋಕಾಗಲ್ಲ, ಹೇಳಬೇಕಾಗೂ ಇಲ್ಲ. ಅವರು ಕೊಡೋದು 'ಯಾಕೆ' ಅನ್ನೋದಕ್ಕೆ ಉತ್ತರ. 'ಯಾವಾಗ, ಎಲ್ಲಿ' ಅನ್ನೋದನ್ನ ನಾನೇ ಹುಡುಕಬೇಕಿತ್ತು. ದಿನಾ ಸುದ್ದಿ ಕೇಳ್ತೀನಿ ಅಂದಮೇಲೆ ನನಗೆ ಬೇಕಾದ ಸುದ್ದಿ ತಾನಾಗೇ ಬಂದು ಕಿವಿಗೆ ಬೀಳುತ್ತೆ ಅಂದ್ಕೊಂಡಿದ್ದೆನಲ್ಲ, ಅದು ತಪ್ಪು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಸರ್ವರ್ ನೋಡಿಕೊಳ್ಳುವಾಗ ಲಾಗ್ ಬೇರೆ, ಅಲರ್ಟ್ ಬೇರೆ. ಲಾಗ್ ಅಂದರೆ ನಡೆದಿದ್ದೆಲ್ಲದರ ದಾಖಲೆ, ಸಾವಿರಾರು ಸಾಲು. ಅದನ್ನು ಯಾರೂ ಕೂತು ಪೂರ್ತಿ ಓದಲ್ಲ. ನಮಗೆ ಮುಖ್ಯವಾದದ್ದು ಏನಾದರೂ ಆದರೆ ಮಧ್ಯರಾತ್ರಿಯಾದರೂ ಫೋನ್ ಹೊಡೆದುಕೊಳ್ಳಬೇಕು, ಅದು ಅಲರ್ಟ್. ನಾನು ಜಗತ್ತಿನ ಲಾಗ್ ಅನ್ನೆಲ್ಲ ಕಿವಿಗೆ ಸುರಿದುಕೊಳ್ತಿದ್ದೆ. ನಮ್ಮನೆಯ ಒಂದು ಅಲರ್ಟ್ ಹಾಕಿಕೊಂಡಿರಲಿಲ್ಲ. ಆಫೀಸಿನಲ್ಲಿ ಹೊಸಬರು ಹೀಗೆ ಮಾಡಿದರೆ ನಾನೇ ರೇಗ್ತೀನಿ.

ಇನ್ನೂ ನಾಚಿಕೆಯ ಸಂಗತಿ ಏನಂದರೆ, ನಾನು ಕೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿದ್ದರೂ ಸಾಕಿತ್ತು. ಒಂದು ಎಪಿಸೋಡಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: ಬೆಂಬಲ ಬೆಲೆ ಘೋಷಣೆ ಬೇರೆ, ಖರೀದಿ ಬೇರೆ. ಅಕ್ಕಿ-ಗೋಧಿಯನ್ನು ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತೆ. ಎಣ್ಣೆಕಾಳು, ಬೇಳೆಕಾಳು, ಕೊಬ್ಬರಿಯಂಥವನ್ನು ಬೆಲೆ ಬೆಂಬಲ ಯೋಜನೆಯಲ್ಲಿ ನಾಫೆಡ್‌ನಂಥ ಸಂಸ್ಥೆಗಳು ಕೊಳ್ಳುತ್ತವೆ, ಅದಕ್ಕೆ ಸಾಮಾನ್ಯವಾಗಿ ಉತ್ಪಾದನೆಯ ಶೇ. 25ರ ಮಿತಿ ಇದೆ. ಮಿತಿ ಇದೆ ಅಂದರೆ ನೂಕುನುಗ್ಗಲು ಇರುತ್ತೆ, ಮೊದಲು ಹೋದವರಿಗೆ ಸಿಗುತ್ತೆ, ಕಾಗದಪತ್ರ ಸರಿಯಿಲ್ಲದವರು ಹಿಂದೆ ಉಳೀತಾರೆ. ಇಷ್ಟನ್ನು ಕೇಳಿದವನಿಗೆ 'ಅಯ್ಯೋ, ಅಪ್ಪನ ಎಫ್‌ಐಡಿ!' ಅಂತ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಂದೂ ಮುಕ್ಕಾಲು ಪಟ್ಟು ವೇಗದಲ್ಲಿ ಹೊಳೆಯೋಕೆ ಜಾಗ ಎಲ್ಲಿ? ಒಂದು ಎಪಿಸೋಡ್ ಮುಗಿದ ಮರುಕ್ಷಣ ಇನ್ನೊಂದು ಶುರು.

ಒಂದು ಶುಕ್ರವಾರ ನನಗೆ ನಾನೇ ಪರೀಕ್ಷೆ ಕೊಟ್ಟುಕೊಂಡೆ. ಆ ವಾರ ಕೇಳಿದ್ದರಲ್ಲಿ ನೆನಪಿರೋದನ್ನ ಒಂದು ಹಾಳೆ ಮೇಲೆ ಬರೆಯೋದು. ಹೆಸರುಗಳು ಬಂದವು. ಯಾರು ಯಾರಿಗೆ ಬೈದರು ಅನ್ನೋದು ಬಂತು. ವಿಷಯ? ಮೂರು ಸಾಲು ಬರೆಯೋಷ್ಟರಲ್ಲಿ ಪೆನ್ನು ನಿಂತಿತು. ಹನ್ನೆರಡೂವರೆ ಗಂಟೆಗೆ ಮೂರು ಸಾಲು.

ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಂಡೆ: 'ನಾನಿರೋ ವಾರ್ಡಿನ ಕಾರ್ಪೊರೇಟರ್ ಯಾರು?' ಉತ್ತರ ಗೊತ್ತಿಲ್ಲ ಅಂತ ಹುಡುಕಿದರೆ, ಆಗ ಕಾರ್ಪೊರೇಟರೇ ಇರಲಿಲ್ಲ! ಬಿಬಿಎಂಪಿಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ಆಗಿತ್ತು, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದಿತ್ತು. ಆಮೇಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಯೇ ನಗರ ನಡೆಸುತ್ತಿದ್ದರು. ಮೂರೂವರೆ ವರ್ಷದಿಂದ ನನ್ನ ಬೀದಿಗೆ ಚುನಾಯಿತ ಪ್ರತಿನಿಧಿ ಇಲ್ಲ ಅನ್ನೋದು, ಅಯೋವಾ ಕಾಕಸ್ ವಿವರಿಸುತ್ತಿದ್ದ ನನಗೆ ಗೊತ್ತಿರಲಿಲ್ಲ. ನೀರು ಬರಲ್ಲ ಅಂತ ಹೆಂಡತಿ ಹೇಳಿದಾಗ ಯಾರನ್ನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ ಅಂದರೆ ಆಶ್ಚರ್ಯವೇನು?

ಈಗ ಹೇಗೆ ಕೇಳ್ತೀನಿ

ಪಾಡ್‌ಕಾಸ್ಟ್ ಬಿಟ್ಟಿದ್ದೀನಾ? ಇಲ್ಲ. ಈಗಲೂ ದಿನಾ ಕೇಳ್ತೀನಿ. ಆದರೆ ರೀತಿ ಬದಲಾಗಿದೆ. ನಿಮ್ಮಲ್ಲೂ ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ.

ಮೊದಲನೆಯದು, ಒಂದು ಬುಲೆಟಿನ್, ಒಂದು ವಿವರಣೆ. ಬೆಳಿಗ್ಗೆ ಆಕಾಶವಾಣಿಯ ಕನ್ನಡ ವಾರ್ತೆ ಕೇಳ್ತೀನಿ. 'ನ್ಯೂಸ್ ಆನ್ ಏರ್' ಆ್ಯಪ್‌ನಲ್ಲಿ ಸಿಗುತ್ತೆ. ಏನೇನು ಆಯಿತು ಅನ್ನೋದಕ್ಕೆ ಅಷ್ಟು ಸಾಕು. ಆಮೇಲೆ ಒಂದೇ ವಿಷಯದ ಮೇಲೆ ಒಂದು ಎಪಿಸೋಡ್. ಒಂದೇ ವಿಷಯಕ್ಕೆ ನಾಲ್ಕು ಜನರ ಅಭಿಪ್ರಾಯ ಕೇಳಿದರೆ ತಿಳಿವಳಿಕೆ ನಾಲ್ಕು ಪಟ್ಟು ಆಗಲ್ಲ. ಸಿಟ್ಟು ಮಾತ್ರ ಆಗುತ್ತೆ.

ಎರಡನೆಯದು, ವೇಗ ಒಂದೇ ಪಟ್ಟು. ಜನ ಮಾತಾಡುವ ವೇಗದಲ್ಲೇ ಕೇಳೋದು. ಮೊದಮೊದಲು ಎಲ್ಲರೂ ನಿದ್ದೆಗಣ್ಣಲ್ಲಿ ಮಾತಾಡ್ತಿದ್ದಾರೇನೋ ಅನ್ನಿಸಿತು. ಒಂದು ವಾರದಲ್ಲಿ ಸರಿಹೋಯಿತು. ಎಪಿಸೋಡ್ ಮುಗಿದ ಮೇಲೆ ತಾನಾಗಿ ಮುಂದಿನದು ಶುರುವಾಗದ ಹಾಗೆ ಸೆಟ್ಟಿಂಗ್ ಬದಲಿಸಿದೆ. ಆ ಐದು ನಿಮಿಷ ಸುಮ್ಮನೆ ಕಿಟಕಿಯಾಚೆ ನೋಡ್ತೀನಿ. ಹೊಳೆಯೋದು ಆಗಲೇ.

ಮೂರನೆಯದು, ಮುಗಿದ ಮೇಲೆ ಒಂದು ಪ್ರಶ್ನೆ: 'ಇದರಲ್ಲಿ ನನಗೆ ಗೊತ್ತಿರುವ ಯಾರಿಗಾದರೂ ಏನಾದರೂ ಆಗುತ್ತಾ?' ತೆರಿಗೆ ಆದರೆ ನನಗೇ ಆಗಬಹುದು. ಗ್ಯಾರಂಟಿ ಯೋಜನೆ ಆದರೆ ಮನೆ ಕೆಲಸಕ್ಕೆ ಬರುವ ಅಕ್ಕನಿಗೆ. ವೀಸಾ ನಿಯಮ ಆದರೆ ಅಮೆರಿಕದಲ್ಲಿರೋ ಗೆಳೆಯನಿಗೆ. ಹೌದು ಅನ್ನಿಸಿದರೆ ಆವತ್ತೇ ಒಂದು ಮೆಸೇಜು ಅಥವಾ ಒಂದು ಫೋನು. ಯಾರಿಗೂ ಏನೂ ಆಗಲ್ಲ ಅಂದ್ರೂ ಪರವಾಗಿಲ್ಲ, ಜಗತ್ತು ತಿಳಿಯೋದರಲ್ಲಿ ತಪ್ಪೇನಿಲ್ಲ. ಆದರೆ ಆ ಪ್ರಶ್ನೆ ಕೇಳಿಕೊಳ್ಳದೆ ಮುಂದಿನದಕ್ಕೆ ಹೋಗಲ್ಲ.

ನಾಲ್ಕನೆಯದು, ಅಲರ್ಟ್. ಕನ್ನಡ ಪತ್ರಿಕೆಯ ತುಮಕೂರು ಜಿಲ್ಲೆಯ ಪುಟವನ್ನು ದಿನಾ ತೆರೆದು ನೋಡ್ತೀನಿ, ಎರಡು ನಿಮಿಷದ ಕೆಲಸ. ಊರಿನ ತೆಂಗು ಬೆಳೆಗಾರರ ವಾಟ್ಸ್ಆ್ಯಪ್ ಗುಂಪೊಂದಕ್ಕೆ ಸೇರಿಕೊಂಡೆ. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಹರಾಜಿನ ದಿನದ ಬೆಲೆಯೂ ಬರುತ್ತೆ. ಅಪ್ಪನ ಎರಡು ಪಹಣಿಯೂ ಎಫ್‌ಐಡಿಯಲ್ಲಿ ಇದೆಯಾ ಅಂತ ನಾನೇ ಖುದ್ದಾಗಿ ನೋಡಿದೆ. ಕೂತು ನೋಡೋಕೆ ಹಿಡಿದದ್ದು ಒಂದು ಎಪಿಸೋಡಿಗಿಂತ ಕಡಿಮೆ ಹೊತ್ತು.

ಏನಪ್ಪಾ ಸಮಾಚಾರ?

ಐದನೆಯದು ನಿಯಮ ಅಲ್ಲ, ಅಭ್ಯಾಸ. ಸಂಜೆ ವಾಪಸ್ ಬರುವಾಗ ಅರ್ಧ ದಾರಿ ಪಾಡ್‌ಕಾಸ್ಟ್ ಇಲ್ಲ. ಅಪ್ಪನಿಗೆ ಫೋನ್. ಮೆಟ್ರೊ ಸುರಂಗದೊಳಗೆ ಹೋದರೆ ಸಿಗ್ನಲ್ ಕೈಕೊಡುತ್ತೆ ಅಂತ, ಅದಕ್ಕೂ ಮೊದಲೇ ಮಾತು ಮುಗಿಸಬೇಕು.

ಅಪ್ಪ ಫೋನ್ ಎತ್ತಿ ಕೇಳೋದು ಒಂದೇ: 'ಏನಪ್ಪಾ ಸಮಾಚಾರ?' ಕನ್ನಡದಲ್ಲಿ ಸಮಾಚಾರ ಅಂದ್ರೆ ವಾರ್ತೆಯೂ ಹೌದು, ಹೇಗಿದ್ದೀಯ ಅಂತಲೂ ಹೌದು. ನನಗೆ ಇದು ಇಷ್ಟು ವರ್ಷ ಹೊಳೆದಿರಲಿಲ್ಲ. ನಾನು ಬೆಳಿಗ್ಗೆ ಕೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ. ಅಪ್ಪನಿಗೆ ಅರ್ಥವಾಗುವ ಹಾಗೆ ಹೇಳೋಕೆ ಬರಲಿಲ್ಲ ಅಂದ್ರೆ ನನಗೇ ಅರ್ಥವಾಗಿಲ್ಲ ಅಂತ ಲೆಕ್ಕ. ಎಷ್ಟೋ ಸಲ ಸಿಕ್ಕಿಬಿದ್ದಿದ್ದೀನಿ. ಚುನಾವಣಾ ಬಾಂಡಿನ ಕಥೆ ಹೇಳಿ ಮುಗಿಸಿದಾಗ ಅವರು 'ಅಂದ್ರೆ ಯಾರು ಯಾರಿಗೆ ಕೊಟ್ರು ಅಂತ ನಮಗೆ ಗೊತ್ತಾಗಬಾರದು ಅಂತಿತ್ತು, ಈಗ ಗೊತ್ತಾಗಬೇಕು ಅಂದವ್ರೆ, ಅಷ್ಟೇ ತಾನೆ?' ಅಂದರು. ನಾನು ಒಂದು ಗಂಟೆ ಕೇಳಿದ್ದು ಅಷ್ಟೇ.

ಆಮೇಲೆ ಅವರ ಬುಲೆಟಿನ್. ಗ್ರಾಮ ಪಂಚಾಯ್ತಿಯಲ್ಲಿ ಏನು ಗಲಾಟೆ, ಯಾವ ತೋಟಕ್ಕೆ ನುಸಿ ಬಿತ್ತು, ಯಾರ ಬೋರ್‌ವೆಲ್‌ನಲ್ಲಿ ನೀರು ನಿಂತಿತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು. ದೆಹಲಿಯ ತೀರ್ಮಾನ ನಮ್ಮೂರಿಗೆ ಬಂದು ಮುಟ್ಟೋವಷ್ಟರಲ್ಲಿ ಏನಾಗಿರುತ್ತೆ ಅನ್ನೋದು ನನಗೆ ಗೊತ್ತಾಗೋದು ಅಲ್ಲಿ. ಯಾವ ಆ್ಯಪ್‌ನಲ್ಲೂ ಅದು ಸಿಗಲ್ಲ.

2025ರಲ್ಲಿ ಕೊಬ್ಬರಿ ಕಥೆ ಉಲ್ಟಾ ಆಯಿತು. ಬೆಂಬಲ ಬೆಲೆ 12,100 ಇದ್ದರೆ, ಮಾರುಕಟ್ಟೆ ಬೆಲೆ ಅದನ್ನು ದಾಟಿ ಎಲ್ಲಿಗೋ ಹೋಯಿತು. ಕೇಂದ್ರದ ಮುಂದೆ ಸಾಲು ನಿಲ್ಲುವ ಅಗತ್ಯವೇ ಬರಲಿಲ್ಲ. ಇನ್ನೂ ಏರುತ್ತಾ, ಕೊಡೋಣವಾ, ಕಾಯೋಣವಾ ಅಂತ ಅಪ್ಪ ನನ್ನನ್ನು ಕೇಳಿದರು. ಹಿಂದಿನ ನಾನಾಗಿದ್ದರೆ ಎರಡು ನಿಮಿಷದ ಉತ್ತರ ಕೊಟ್ಟುಬಿಡ್ತಿದ್ದೆ. 'ಗೊತ್ತಿಲ್ಲಪ್ಪ' ಅಂದೆ. ಅವರು ಅರ್ಧ ಕೊಟ್ಟು ಅರ್ಧ ಇಟ್ಟುಕೊಂಡರು. ಅವರಿಗೂ ಗೊತ್ತಿರಲಿಲ್ಲ, ಅದಕ್ಕೇ ಅರ್ಧ.

ಆ 21,600ರ ಮಾತು ನಮ್ಮ ಮಧ್ಯೆ ಮತ್ತೆ ಬಂದಿಲ್ಲ. ನಾನು ಒಮ್ಮೆ ಕಳಿಸೋಕೆ ಹೋದೆ, ಅಪ್ಪ ಬೇಡ ಅಂದರು. 'ದುಡ್ಡು ಬೇಡ. ದಿನಾ ಫೋನ್ ಮಾಡ್ತೀಯಲ್ಲ, ಅದು ಬಿಡಬೇಡ' ಅಂದರು.

ನೀವೂ ನಾಳೆ ಬಸ್ಸಿನಲ್ಲೋ ಮೆಟ್ರೊದಲ್ಲೋ ಇಯರ್‌ಫೋನ್ ಹಾಕ್ಕೊಂಡು ದೇಶದ ರಾಜಕೀಯ ಕೇಳ್ತಿರ್ತೀರಿ. ಕೇಳಿ, ಖಂಡಿತ ಕೇಳಿ. ಇಳಿಯೋಕೆ ಎರಡು ಸ್ಟೇಷನ್ ಇರುವಾಗ ಅದನ್ನು ನಿಲ್ಲಿಸಿ ಊರಿಗೆ ಒಂದು ಫೋನ್ ಹಚ್ಚಿ. ಏನು ಸಮಾಚಾರ ಅಂತ ಕೇಳಿ.